ಮೂರು ಉದ್ದ, ಎರಡು ಗಿಡ್ಡ

ಎಕೋರ್ಸ್, ಮಿಷಿಗನ್
೧ ಸೆಪ್ಟೆಂಬರ್ ೧೯೬೬, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗ ಕಾಜ್ಯೋ,

ಹೇಗಿದ್ದೀಯಪ್ಪಾ? ಬೆನ್ನು ನೋವು ಕಡಿಮೆಯಾಯಿತೇ? ಆಲೂಗಡ್ಡೆ ಮೂಟೆಯನ್ನು ನೀನೇ ಎತ್ತಬೇಡ, ಹಡಗಿನಲ್ಲಿ ಅದಕ್ಕೆ ಹುಡುಗರಿದ್ದಾರೆ ಎಂದು ಎಷ್ಟು ಹೇಳಿದರೂ ನೀನು ಕೇಳುವವನಲ್ಲ. ಅಡುಗೆಮನೆಗೆ ನೀನೇ ಯಜಮಾನನಾದರೂ ಮೂಟೆ ಕಂಡರೆ ನಿನ್ನ ಕೈ ಸುಮ್ಮನಿರುವುದಿಲ್ಲ. ಕರ್ಪೂರದ ಎಣ್ಣೆ ಮುಗಿದಿದ್ದರೆ ತಿಳಿಸು. ಸುಪೀರಿಯರ್ ಸರೋವರದ ಮೇಲೆ ಈಗಾಗಲೇ ಚಳಿಗಾಳಿ ಶುರುವಾಗಿರಬೇಕು, ಉಣ್ಣೆ ಬನಿಯನ್ನು ನಿನ್ನ ಪೆಟ್ಟಿಗೆಯ ತಳದಲ್ಲಿದೆ, ತೆಗೆದು ಹಾಕಿಕೋ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಡಾಕ್ಟರು ಹಂದಿಮಾಂಸ ಬಿಡಿ ಎಂದರು, ನಾನು ಡಾಕ್ಟರನ್ನೇ ಬಿಟ್ಟೆ, ಈಗ ಆರಾಮಾಗಿದ್ದೇನೆ.

ಈ ಕಾಗದ ಉದ್ದವಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಕುಳಿತು ಓದು. ಡೆಟ್ರಾಯಿಟ್‌ನ ಅಂಚೆ ದೋಣಿಯವರು ನೀವು ಹಡಗಿನಿಂದ ಹಗ್ಗ ಕಟ್ಟಿ ಇಳಿಬಿಡುವ ಬಕೆಟ್ಟಿಗೆ ಹಾಕುವಾಗ ಒಂದಿಷ್ಟು ನೀರು ಸಿಡಿಸಿಯೇ ಸಿಡಿಸುತ್ತಾರೆ. ಹೋದ ಸಲದಂತೆ ಅರ್ಧ ಅಕ್ಷರ ಅಳಿಸಿಹೋಯಿತು ಎಂಬ ನೆಪ ಹೇಳಬೇಡ. ಅದಕ್ಕೇ ಈ ಸಲ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ರೋಮೆಕ್‌ನ ಸುದ್ದಿ ಬರೆಯಬೇಡ ಎಂದು ಏಪ್ರಿಲಿನಲ್ಲಿ ನೀನು ಬರೆದಿದ್ದೆ. ಹೆತ್ತ ಮಗನ ವಿಷಯದಲ್ಲಿ ಹಾಗೆ ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತೋ! ಆದರೂ ನಾನು ಇಷ್ಟು ದಿನ ಬಾಯಿ ಕಟ್ಟಿಕೊಂಡು ಚರ್ಚಿನ ಸುದ್ದಿ, ಹವೆಯ ಸುದ್ದಿ, ಟೊಮ್ಯಾಟೊ ಗಿಡದ ಸುದ್ದಿ ಬರೆದೆ. ಇನ್ನು ನನ್ನಿಂದ ಆಗುವುದಿಲ್ಲ, ಹೊಟ್ಟೆ ಒಡೆದು ಹೋಗುತ್ತದೆ. ಕೇಳು: ನಿನ್ನ ಮಗ ರೇಡಿಯೋದಲ್ಲಿ ಹಾಡುತ್ತಿದ್ದಾನೆ! ದಿನಕ್ಕೆ ಒಂದು ಸಲ ಅಲ್ಲ, ನಾನು ಪಾತ್ರೆ ತೊಳೆಯಲು ಕುಳಿತರೆ ಎರಡು ಸಲ ಬರುತ್ತದೆ. ಡೆಟ್ರಾಯಿಟ್‌ನಲ್ಲಿ, ಟೊಲೀಡೊದಲ್ಲಿ, ನದಿಯ ಆಚೆ ಕೆನಡಾದ ವಿಂಡ್ಸರ್‌ನಲ್ಲಿ, ಎಲ್ಲೆಲ್ಲೂ. ನಿಮ್ಮ ಹಡಗಿನಲ್ಲೂ ರೇಡಿಯೋ ಇದೆ. ಆದರೆ ಗಿಟಾರಿನ ಸದ್ದು ಕೇಳಿದ ಕೂಡಲೇ ಬೇರೆ ಸ್ಟೇಷನ್ನಿಗೆ ತಿರುಗಿಸುವ ನಿನ್ನ ಗುಣ ನನಗೆ ಗೊತ್ತಿಲ್ಲವೇ? ನೀನು ತಿರುಗಿಸಿದ್ದು ನಿನ್ನ ಮಗನನ್ನೇ ಇರಬಹುದು, ಯೋಚನೆ ಮಾಡು.

ಮಾರ್ಚ್ ತಿಂಗಳ ಆ ಸಂಜೆಯಿಂದ ಶುರುಮಾಡುತ್ತೇನೆ. ಮುಖ ಗಂಟಿಕ್ಕಬೇಡ. ಸರೋವರದ ಮಂಜುಗಡ್ಡೆ ಒಡೆಯುತ್ತಿದೆ, ಬೆಳಿಗ್ಗೆಯೇ ಹೊರಟು ಬನ್ನಿ ಎಂದು ಹಡಗಿನವರು ನಿನಗೆ ಹೇಳಿಕಳಿಸಿದ್ದರು. ನೀನು ಗ್ಯಾರೇಜಿಗೆ ಹೋಗಿ, ಗಿಟಾರು ಬಾರಿಸುತ್ತಿದ್ದ ರೋಮೆಕ್‌ಗೆ, ಶಾಲೆ ಮುಗಿದ ಮೇಲೆ ಹಡಗಿಗೆ ಬಾ, ನನ್ನ ಕೈಕೆಳಗೆ ಕೆಲಸ ಇದೆ ಎಂದೆ. ಒಂದು ಕಿವಿ ಸರಿಯಿಲ್ಲವೆಂದು ಸೈನ್ಯದವರು ಅವನನ್ನು ವಾಪಸು ಕಳಿಸಿದ ಮೇಲೆ ಅವನ ಮುಂದಿನ ದಾರಿಯ ಚಿಂತೆ ನಿನಗಿತ್ತು, ಅದು ನನಗೂ ಅರ್ಥವಾಗುತ್ತದೆ. ಅವನು "ಕಂಡೋರಿಗೆಲ್ಲಾ ಆಲೂಗಡ್ಡೆ ಸುಲಿಯೋಕೆ ನಾನು ಹುಟ್ಟಿಲ್ಲ" ಅಂದ. ಅನ್ನಬಾರದಿತ್ತು. ಆ ಆಲೂಗಡ್ಡೆಯೇ ಅವನಿಗೆ ಅನ್ನ ಹಾಕಿದ್ದು. ಆದರೆ ನೀನು ಬಾಯಲ್ಲಿ ಉತ್ತರ ಕೊಡುವ ಬದಲು ಕಾಲಲ್ಲಿ ಕೊಟ್ಟೆ. ಅವನ ಗಿಟಾರಿನ ಆಂಪ್ಲಿಫೈಯರ್ ಪೆಟ್ಟಿಗೆಗೆ ಬಿದ್ದ ಆ ಒದೆಯ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಬೆಳಿಗ್ಗೆ ಅವನು ಏಳುವ ಮುಂಚೆಯೇ ನೀನು ಹೊರಟುಹೋದೆ.

ಸ್ಪೀಕರಿನ ಕಪ್ಪು ಕಾಗದ ಈ ತುದಿಯಿಂದ ಆ ತುದಿಗೆ ಹರಿದುಹೋಗಿತ್ತು. ಹುಡುಗ ಮೂರು ದಿನ ಗಿಟಾರು ಮುಟ್ಟಲಿಲ್ಲ. ಹಳೆಯ ಪೆಟ್ಟಿಗೆ, ಹೊಸ ಸ್ಪೀಕರ್ ಕೊಳ್ಳುವ ಶಕ್ತಿ ಅವನಿಗಿಲ್ಲ. ಕಾಗದ ತಾನೇ, ಹರಿದದ್ದನ್ನು ಅಂಟಿಸಲು ನನಗೇನು ಬರುವುದಿಲ್ಲವೇ ಎಂದು, ಅವನು ಶಾಲೆಗೆ ಹೋದಾಗ ಗ್ಯಾರೇಜಿಗೆ ಹೋದೆ. ಆಲೂಗಡ್ಡೆ ಹಿಟ್ಟಿನ ಗಂಜಿ ಮಾಡಿಕೊಂಡು, ಮಾಂಸದಂಗಡಿಯವರು ಸಾಸೇಜು ಸುತ್ತಿಕೊಡುವ ಕಂದು ಕಾಗದ ಇತ್ತಲ್ಲ, ಅದರ ಪಟ್ಟಿ ಕತ್ತರಿಸಿ ನೀಟಾಗಿ ಅಂಟಿಸಿದೆ. ಈಸ್ಟರ್ ಹಬ್ಬಕ್ಕೆ ನಾವು ಕಾಗದದ ಹೂವು ಅಂಟಿಸುವ ಹಾಗೆಯೇ. ಸಂಜೆ ಅವನು ಬಂದು ತಂತಿ ಮೀಟಿದ. ಅಯ್ಯೋ ದೇವರೇ! ಹಿಂದೆ ಗಿಟಾರಿನಂತೆ ಕೇಳುತ್ತಿದ್ದದ್ದು ಈಗ ಕರಕರ ಗೊರಗೊರ ಅನ್ನತೊಡಗಿತು, ಗಂಟಲು ಕಟ್ಟಿದ ಗೂಳಿಯೊಂದು ಗ್ಯಾರೇಜಿನೊಳಗೆ ಸೇರಿಕೊಂಡ ಹಾಗೆ. ಗಂಜಿ ಒಣಗಿ ಒಂದು ಅಂಚು ಬಿಟ್ಟುಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ನಾನು ಮೆಲ್ಲಗೆ ಒಳಗೆ ಬಂದುಬಿಟ್ಟೆ.

ಅಷ್ಟು ಹೊತ್ತಿಗೆ ಬಂದವರು ಟಾರ್ವರ್. ರೈಲು ಹಳಿಯ ಆಚೆ ಕರಿಯರ ಕೇರಿಯ ಲೂಶಿಯಸ್ ಟಾರ್ವರ್, ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡುವವರು. ನಿನಗೆ ನೆನಪಿರಬೇಕು, ಶನಿವಾರ ಬಾರಿನಲ್ಲಿ ಒಡೆದ ಬಾಟಲಿಯ ಕೊರಳನ್ನು ಬೆರಳಿಗೆ ಹಾಕಿ ತಂತಿಯ ಮೇಲೆ ಜಾರಿಸಿ, ಗಿಟಾರು ಅಳುವಂತೆ ಮಾಡುವ ಮನುಷ್ಯ. ಎರಡು ವರ್ಷದಿಂದ ರೋಮೆಕ್ ಅವರ ಮನೆಗೆ ಬ್ಲೂಸ್ ಸಂಗೀತ ಕಲಿಯಲು ಹೋಗುತ್ತಿದ್ದ ವಿಷಯ ನಿನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವರ ಮೊಮ್ಮಗ ವೆಂಡೆಲ್ ಇವನ ಜೊತೆ ಹಾರ್ಮೋನಿಕಾ ಊದುತ್ತಾನೆ. ಹುಡುಗನನ್ನು ಕರೆದೊಯ್ಯಲು ಬಂದ ಟಾರ್ವರ್ ಬಾಗಿಲಲ್ಲೇ ನಿಂತರು. ಟೋಪಿ ತೆಗೆದರು. "ಇನ್ನೊಂದ್ಸಲ ಬಾರ್ಸೋ" ಅಂದರು. ಇವನು ಬಾರಿಸಿದ. "ಯಾರೋ ಇದನ್ನ ಮಾಡಿದ್ದು?" ಎಂದು ಕೇಳಿದರು. ಇವನು "ಅಪ್ಪ ಒದ್ದ, ನಮ್ಮಜ್ಜಿ ಬೂಶಾ ಅಂಟಿಸಿದ್ಲು" ಅಂದ. ಟಾರ್ವರ್ ನಗುವುದಕ್ಕೆ ಶುರುಮಾಡಿದರು ನೋಡು, ಗೋಡೆ ಹಿಡಿದುಕೊಂಡು ನಕ್ಕರು. "ಲೋ, ಇಂಥ ಸದ್ದಿಗೋಸ್ಕರ ನಾನು ಜೀವಮಾನವೆಲ್ಲಾ ಒದ್ದಾಡಿದೀನಿ ಕಣೋ. ನಿನಗೆ ಮನೆಯೋರೇ ಮಾಡ್ಕೊಟ್ಟಿದಾರೆ. ರಿಪೇರಿ ಗಿಪೇರಿ ಅಂತ ಇದರ ಮೇಲೆ ಕೈ ಇಟ್ಟೆ ಅಂದ್ರೆ ನಾನೇ ನಿನ್ನ ಕೈ ಮುರೀತೀನಿ" ಅಂದರು.

ತಮಾಷೆಯೆಂದರೆ, ಈಗ ಡೆಟ್ರಾಯಿಟ್‌ನಿಂದ ಹುಡುಗರು ಬಂದು ಈ ಸದ್ದು ಬರಿಸುವ ಯಂತ್ರ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ನಾನು ಗಂಜಿ ಮಾಡುವ ಬಗೆ ಹೇಳಿಕೊಟ್ಟರೆ ಯಾರೂ ನಂಬುವುದಿಲ್ಲ. ಇಬ್ಬರು ಮಾತ್ರ ನಂಬಿ, ಬರೆದುಕೊಂಡು ಹೋದರು. ಅವರ ಸ್ಪೀಕರುಗಳ ಗತಿ ಏನಾಯಿತೋ.

ತಂಡದಲ್ಲಿ ಇನ್ನೊಬ್ಬಳಿದ್ದಾಳೆ, ಡ್ರಮ್ಮು ಬಾರಿಸುವವಳು. ಹೌದು, ಹುಡುಗಿ. ದೋಣಿಗೆ ಬಣ್ಣ ಹೊಡೆಯುವ ಲಬಾಡಿಯ ಮಗಳು ಕ್ಲಾಡೆಟ್. ಗಟ್ಟಿ ತೋಳಿನ ಹುಡುಗಿ, ಕಡಿಮೆ ಮಾತು. ಅವಳು ಡ್ರಮ್ಮಿಗೆ ಹೊಡೆಯುತ್ತಿದ್ದರೆ ನನ್ನ ಕಪಾಟಿನ ಉಪ್ಪಿನಕಾಯಿ ಜಾಡಿಗಳು ತಾವೇ ಮುಂದಕ್ಕೆ ನಡೆದು ಬರುತ್ತವೆ, ಈಗ ಅವನ್ನು ಹಗ್ಗ ಕಟ್ಟಿ ಇಟ್ಟಿದ್ದೇನೆ. ತಂಡಕ್ಕೆ ಹೆಸರು ಕೊಟ್ಟವಳೂ ಅವಳೇ: 'ಫ್ರೈಡೇ ಮಸ್ಕ್‌ರ್ಯಾಟ್ಸ್', ಶುಕ್ರವಾರದ ನೀರಿಲಿಗಳು. ಅವಳ ಅಜ್ಜಿ ಉಪವಾಸದ ಶುಕ್ರವಾರಗಳಲ್ಲಿ ಮಾಡುವ ನೀರಿಲಿಯ ಸಾರಿಗೆ ಊರೆಲ್ಲ ಬಾಯಿ ಚಪ್ಪರಿಸುತ್ತದಲ್ಲ, ಅದರ ಮೇಲೆ. ರೇಡಿಯೋದವನು ಇದೇನು ಹೆಸರು ಎಂದಾಗ ಕ್ಲಾಡೆಟ್ ಹೇಳಿದಳಂತೆ: "ಶುಕ್ರವಾರ ಮಾಂಸ ತಿನ್ನಬಾರ್ದು. ನೀರಿಲಿ ನೀರಲ್ಲಿರೋದ್ರಿಂದ ಮೀನು ಅಂತ ಲೆಕ್ಕ. ನಮ್ ಸಂಗೀತಾನೂ ಹಂಗೇ, ಯಾವ ಲೆಕ್ಕಕ್ಕೆ ಸೇರಿಸ್ತೀರೋ ನಿಮಗೆ ಬಿಟ್ಟಿದ್ದು." ಡೆಟ್ರಾಯಿಟ್‌ನವರು ನಾವು ಇಲಿ ತಿನ್ನುವವರೆಂದು ಮೂಗು ಮುರಿದರಂತೆ. ಮುರಿದುಕೊಳ್ಳಲಿ, ರುಚಿ ಗೊತ್ತಿಲ್ಲದವರು.

ಈಗ ಹಾಡಿನ ವಿಷಯಕ್ಕೆ ಬರುತ್ತೇನೆ. ಏಪ್ರಿಲಿನಲ್ಲಿ ನಿಮ್ಮ ವಿಟ್ಲಾಕ್ ಹಡಗು ಈ ವರ್ಷ ಮೊದಲ ಸಲ ನಮ್ಮ ಬೀದಿಯ ಕೊನೆಯ ನದಿಯಲ್ಲಿ ಹಾದುಹೋದ ದಿನ ನೆನಪಿದೆಯೇ? ನನಗೆ ಚೆನ್ನಾಗಿ ನೆನಪಿದೆ. ಇಷ್ಟು ವರ್ಷ, ಮೇಲಕ್ಕೆ ಹೋಗುವಾಗಲೂ ಕೆಳಕ್ಕೆ ಬರುವಾಗಲೂ, ನಿನ್ನ ಚೆರ್ರಿ ಪೈ ತಿಂದ ಋಣಕ್ಕೆ ನಿಮ್ಮ ಕ್ಯಾಪ್ಟನ್ ನಮಗಾಗಿ ಹಡಗು ಕೂಗಿಸುತ್ತಿದ್ದರು. ಮೂರು ಉದ್ದ, ಎರಡು ಗಿಡ್ಡ. ರೋಮೆಕ್‌ನ ತಾಯಿ ಇರೇನಾ ಬದುಕಿದ್ದಾಗ ಕೈಯಲ್ಲಿದ್ದ ಕೆಲಸ ಬಿಟ್ಟು, ನೀಲಿ ಅಂಚಿನ ಮೇಜುಬಟ್ಟೆ ಹಿಡಿದು ದಡಕ್ಕೆ ಓಡುತ್ತಿದ್ದಳು, ಪುಟ್ಟ ರೋಮೆಕ್ ಅವಳ ಹಿಂದೆ. ಅವಳು ಹೋದ ಮೇಲೂ ಕೂಗು ನಿಂತಿರಲಿಲ್ಲ. ಈ ಏಪ್ರಿಲಿನಲ್ಲಿ ನಿಂತಿತು. ಹಡಗು ಅಷ್ಟುದ್ದಕ್ಕೂ ಸುಮ್ಮನೆ ಜಾರಿಹೋಯಿತು. ಕೂಗಿಸಬೇಡಿ ಎಂದು ನೀನೇ ಹೇಳಿರಬೇಕು, ಇಲ್ಲದಿದ್ದರೆ ಆ ಮನುಷ್ಯ ಪೈ ಮರೆಯುವವರಲ್ಲ. ಅಂದು ನಿನ್ನ ಮಗ ದಡದಲ್ಲೇ ಇದ್ದ. ಕಸದ ಡಬ್ಬಿ ತೊಳೆಯಲು ಹೋಗಿದ್ದೆ ಎಂದು ನನಗೆ ಹೇಳಿದ. ಕಸದ ಡಬ್ಬಿ ತೊಳೆಯುವ ಹುಡುಗನೇ ಅವನು? ಆಮೇಲೂ ನಿಮ್ಮ ಹಡಗು ಬರುವ ದಿನಗಳಲ್ಲೇ ನಮ್ಮ ಕಸದ ಡಬ್ಬಿ ಕೊಳೆಯಾಗುತ್ತಿತ್ತು.

ಆ ವಾರವೇ ಅವನು ಹೊಸ ಹಾಡು ಕಟ್ಟಿದ. ಶುರುವಿನಲ್ಲಿ ಬರೀ ಗಿಟಾರು: ಕರಕಲು ದನಿಯಲ್ಲಿ ಮೂರು ಉದ್ದ, ಎರಡು ಗಿಡ್ಡ. ಆಮೇಲೆ ಕ್ಲಾಡೆಟ್‌ಳ ಡ್ರಮ್ಮು ಗುದ್ದುತ್ತ ಬರುತ್ತದೆ, ಆಮೇಲೆ ಮಾತು. "ನಮ್ಮ ಬೀದಿಯ ಮುಂದೆ ಹಾದುಹೋದೆ, ಒಂದು ಕೂಗೂ ಕೂಗದೆ ಹೋದೆ." ಅದೇ ಸಾಲು ಇನ್ನೊಂದು ಸಲ. ಮೂರನೆಯದು ಉತ್ತರ: "ಕಿವಿ ಒಂದೇ ಇರೋದು ನನಗೆ, ಅದೂ ನೀರಿನ ಕಡೆಗೇ ಇದೆ." ಹುಡುಗಿಯರೆಲ್ಲ ಇದು ಯಾವಳೋ ಕೈಕೊಟ್ಟವಳ ಮೇಲಿನ ಹಾಡೆಂದು ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡು, ಯಾರೋ ಅವಳು ಎಂದು ಬೈದೆ. ಆಮೇಲೆ ಆ ಮೂರು ಉದ್ದ ಎರಡು ಗಿಡ್ಡ ನನ್ನ ತಲೆಗೆ ಹೋಯಿತು. ಒಲೆಯ ಮುಂದೆ ನಿಂತಿದ್ದೆ, ಸೌಟು ಕೈಯಲ್ಲೇ ಉಳಿಯಿತು. ಒಂದೇ ಸಾಲನ್ನು ಎರಡು ಸಲ ಯಾಕೆ ಹೇಳುತ್ತೀರಿ ಎಂದು ಟಾರ್ವರನ್ನು ಕೇಳಿದ್ದಕ್ಕೆ ಅವರು ಏನೆಂದರು ಗೊತ್ತೇ? "ಮೊದಲ್ನೇ ಸಲ ಯಾರೂ ಕೇಳಿಸ್ಕೊಳ್ಳಲ್ಲ ಕಣಮ್ಮಾ."

ಮೊದಲು ಬಾರಿಸಿದ್ದು ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ, ಮೇ ತಿಂಗಳ ಹುಡುಗರ ಕುಣಿತಕ್ಕೆ. ಫಾದರ್ ಕಿವಿಗೆ ಹತ್ತಿ ಇಟ್ಟುಕೊಂಡೇ ಬಂದಿದ್ದರು. ಎರಡನೇ ಹಾಡಿಗೆ ಹತ್ತಿ ತೆಗೆದರು. ಕೊನೆಗೆ ಅವರ ಕಾಲು ಕುರ್ಚಿಯ ಕೆಳಗೆ ತಾಳ ಹಾಕುತ್ತಿದ್ದುದನ್ನು ನಾನು ಈ ಕಣ್ಣಿಂದಲೇ ನೋಡಿದೆ. ಮುಂದಿನ ವಾರ ಹುಡುಗರು ಒಳಗೆ ಹಿಡಿಸದೆ ಹೊರಗೆ ಹುಲ್ಲಿನ ಮೇಲೆ ಕುಣಿದರು. ಪಕ್ಕದ ಮನೆಯ ಮಿಸೆಸ್ ಪೈಟ್ರಾಸ್ ಇದ್ದಾಳಲ್ಲ, ಗ್ಯಾರೇಜಿಗೆ ಕರಿಯರ ಹುಡುಗ ಬರುತ್ತಾನೆ, ಸದ್ದು ಮಾಡುತ್ತಾರೆ ಎಂದು ಪೊಲೀಸರನ್ನು ಕರೆಸಿದಳು. ನಾನು ಬಾಗಿಲಲ್ಲಿ ನಿಂತು, "ಒಳಗೆ ಬನ್ನಿ, ಈ ಮನೆಗೆ ಯಾರು ಬರಬೇಕು ಅಂತ ಹೇಳೋಳು ನಾನು, ಅವಳಲ್ಲ. ಮೊದ್ಲು ಕಾಫಿ ಕುಡೀರಿ" ಅಂದೆ. ಕುಡಿದರು. ಕಿರಿಯ ಪೊಲೀಸಿನವನು ಅರ್ಧ ಗಂಟೆ ಗ್ಯಾರೇಜಿನಲ್ಲೇ ನಿಂತು ಕೇಳಿ ಹೋದ. ಈಗ ಅದೇ ಮಿಸೆಸ್ ಪೈಟ್ರಾಸ್ ತನ್ನ ಅಂಗಳದಲ್ಲಿ ನಿಂಬೆ ಶರಬತ್ತು ಮಾರುತ್ತಾಳೆ, "ನಮ್ ರೋಮೆಕ್ಕು" ಅನ್ನುತ್ತಾಳೆ. ವೆಂಡೆಲ್‌ಗೆ ಮಾತ್ರ ಇನ್ನೂ ಮುಖ ತಿರುಗಿಸುತ್ತಾಳೆ, ಅವಳ ಶರಬತ್ತನ್ನು ನಾನು ಕುಡಿಯುವುದಿಲ್ಲ.

ಜೂನ್‌ನಲ್ಲಿ ರೆಕಾರ್ಡು ಮಾಡಿದರು. ದೊಡ್ಡ ಕಟ್ಟಡ ಎಂದು ಊಹಿಸಿಕೊಳ್ಳಬೇಡ. ಟಾರ್ವರ್ ಅವರ ಗೆಳೆಯನೊಬ್ಬನ ಕ್ಷೌರದಂಗಡಿಯ ಹಿಂಬದಿಯ ಕೋಣೆ, ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟು. ಮುಂದುಗಡೆ ಯಾರೋ ಕೂದಲು ಕತ್ತರಿಸಿಕೊಳ್ಳುತ್ತಿದ್ದರು, ಯಂತ್ರ ನಿಲ್ಲಿಸಿ ಎಂದಾಗ ಆ ಮನುಷ್ಯ ಅರ್ಧ ಬೋಳು ತಲೆಯಲ್ಲೇ ಬಂದು ಬಾಗಿಲಲ್ಲಿ ನಿಂತು ಕೇಳಿದ. ನನ್ನನ್ನೂ ಕರೆದುಕೊಂಡು ಹೋಗಿದ್ದರು, ಸ್ಪೀಕರಿನ ಅಂಟು ಬಿಟ್ಟರೆ ಇರಲಿ ಎಂದು ಗಂಜಿ ಡಬ್ಬಿಯ ಜೊತೆಗೆ. ಒಂದೇ ಸಲಕ್ಕೆ ಹಾಡಿ ಮುಗಿಸಿದರು. ಮಧ್ಯದಲ್ಲಿ ನಾನು ಕೆಮ್ಮಿಬಿಟ್ಟೆ, ತಡೆಯಲಾಗಲಿಲ್ಲ. ಇನ್ನೊಮ್ಮೆ ಮಾಡಿ ಎಂದು ಗೋಗರೆದೆ. ರೋಮೆಕ್ ನಗುತ್ತ, "ಇರ್ಲಿ ಬಿಡು ಬೂಶಾ, ಮನೆಯೋರೆಲ್ಲಾ ಇದ್ದಂಗಾಯ್ತು" ಅಂದ. ಹಾರ್ಮೋನಿಕಾ ಮುಗಿದು ಗಿಟಾರು ಶುರುವಾಗುವ ಮುಂಚೆ ಗಮನವಿಟ್ಟು ಕೇಳು, ಅದು ನಿನ್ನ ತಾಯಿ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ! ವಿಂಡ್ಸರಿನ ಸ್ಟೇಷನ್ನಿನವನು ಒಂದು ಮಧ್ಯಾಹ್ನ ಸುಮ್ಮನೆ ಹಾಕಿ ನೋಡಿದನಂತೆ. ಹಡಗುಗಳೆಲ್ಲ ದಡದವರಿಗೆ ನಮಸ್ಕಾರ ಹೇಳುವ ಆ ಕೂಗು ನಮ್ಮ ಈ ದಡದಲ್ಲಿ ಗೊತ್ತಿಲ್ಲದವರು ಯಾರು? ಅರ್ಧ ಊರಿಗೆ ಹಡಗಿನಲ್ಲಿ ಒಬ್ಬ ಅಪ್ಪನೋ ಅಣ್ಣನೋ ಗಂಡನೋ ಇದ್ದಾನೆ. ಫೋನಿನ ಮೇಲೆ ಫೋನು, ಇನ್ನೊಮ್ಮೆ ಹಾಕಿ, ಇನ್ನೊಮ್ಮೆ ಹಾಕಿ. ವಾರದ ಹಾಡುಗಳ ಸಾಲಿನಲ್ಲಿ ಎಲ್ಲೋ ಬಾಲದಲ್ಲಿದ್ದದ್ದು ಮೇಲಕ್ಕೆ ಹತ್ತಿ ಹತ್ತಿ ಈಗ ನಾಲ್ಕನೆಯದು. ಹುಡುಗರು ಕಾರು ಓಡಿಸುತ್ತ ಹಾರನ್ನಿನಲ್ಲೇ ಮೂರು ಉದ್ದ ಎರಡು ಗಿಡ್ಡ ಒತ್ತುತ್ತಾರೆ, ನಮ್ಮ ಮನೆಯ ಮುಂದಂತೂ ಇಡೀ ದಿನ. ಮಾಂಸದಂಗಡಿಯವನು ನನಗೆ ತೂಕ ಹಾಕಿದ ಮೇಲೆ ಒಂದು ತುಂಡು ಹೆಚ್ಚಿಗೆ ಇಡುತ್ತಾನೆ. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ ಕಾಜ್ಯೋ. ಮಂಡಿ ನೋವಿನವಳು ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಿದ್ದೇನೆ, ಯಾರಿಗೂ ಹೇಳಬೇಡ.

ಆದರೆ ಆಗಸ್ಟಿನಲ್ಲಿ ಒಂದು ಸಂಗತಿ ನಡೆಯಿತು, ಅದನ್ನು ಬರೆಯಲೆಂದೇ ಈ ಕಾಗದ ಹಿಡಿದೆ. ನದಿ ದಡದ ಪಾರ್ಕಿನಲ್ಲಿ ಚರ್ಚಿನವರ ಊಟ, ಇವರ ಹಾಡು. ಊರಿಗೆ ಊರೇ ನೆರೆದಿತ್ತು, ದಡದುದ್ದಕ್ಕೂ ಕಾರುಗಳು. ರೋಮೆಕ್ ಕೊನೆಗೆ ಆ ಹಾಡನ್ನು ಎತ್ತಿಕೊಂಡದ್ದೇ ತಡ, ಅಷ್ಟೂ ಕಾರುಗಳು ಅವನ ಜೊತೆ ಒಟ್ಟಿಗೆ ಕೂಗಿದವು: ಮೂರು ಉದ್ದ, ಎರಡು ಗಿಡ್ಡ. ಅದೇ ಹೊತ್ತಿಗೆ ಅದಿರಿನ ಹಡಗೊಂದು ನಡುನೀರಿನಲ್ಲಿ ಬರುತ್ತಿತ್ತು. ದಡದವರು ತನಗೇ ನಮಸ್ಕಾರ ಹೇಳುತ್ತಿದ್ದಾರೆ ಎಂದುಕೊಂಡನೇನೋ ಅದರ ಕ್ಯಾಪ್ಟನ್, ಪಾಪ, ಮರ್ಯಾದಸ್ಥ. ಉತ್ತರ ಕೊಟ್ಟುಬಿಟ್ಟ. ಇಡೀ ನದಿ ನಡುಗುವ ಹಾಗೆ ಮೂರು ಉದ್ದ, ಎರಡು ಗಿಡ್ಡ! ಜನ ಹುಚ್ಚೆದ್ದುಹೋದರು. ಟೋಪಿಗಳು ಮೇಲಕ್ಕೆ ಹಾರಿದವು, ಹುಡುಗಿಯರು ಕಿರುಚಿದರು, ಫಾದರ್ ನನ್ನ ಭುಜ ಹಿಡಿದು ಅಲ್ಲಾಡಿಸಿದರು.

ನಾನು ಮಾತ್ರ ರೋಮೆಕ್‌ನನ್ನು ನೋಡುತ್ತಿದ್ದೆ. ಆ ಕೂಗು ಕೇಳಿದ ಕೂಡಲೇ ಅವನು ಅಷ್ಟು ಜನಕ್ಕೆ ಬೆನ್ನು ತಿರುಗಿಸಿ ನೀರಿನ ಕಡೆ ನೋಡಿದ. ಬೆರಳು ನಿಂತುಹೋಯಿತು. ಅವನ ಮುಖ ನೋಡಬೇಕಿತ್ತು ನೀನು. ಹದಿನೆಂಟರ ಗಂಡಸಲ್ಲ, ಇರೇನಾಳ ಹಿಂದೆ ಓಡುತ್ತಿದ್ದ ಆ ಪುಟ್ಟವನೇ ಅಲ್ಲಿ ನಿಂತಿದ್ದ. ಆಮೇಲೆ ಹಡಗಿನ ಚಿಮಣಿ ಕಾಣಿಸಿತು. ಕೆಂಪು ಪಟ್ಟಿ. ನಿಮ್ಮದು ಹಸಿರು. ಅವನು ಒಂದು ಗಳಿಗೆ ಹಾಗೇ ನಿಂತಿದ್ದು, ತಿರುಗಿ, ಹಾಡು ಮುಗಿಸಿದ. ಜನ ಯಾರೂ ಗಮನಿಸಲಿಲ್ಲ. ಪೆಟ್ಟಿಗೆ ಹೊರುವಾಗ ಕ್ಲಾಡೆಟ್ ನನ್ನ ಕಿವಿಯಲ್ಲಿ, "ಬೂಶಾ, ಅವ್ನು ತಾಳ ತಪ್ಪಿದ್ದು ಇದೇ ಮೊದ್ಲು" ಅಂದಳು.

ಮರುದಿನವೇ ಶಿಕಾಗೋದ ರೆಕಾರ್ಡು ಕಂಪನಿಯವನೊಬ್ಬ ಬಂದ, ಕನ್ನಡಿಯಂಥ ಬೂಟು, ಬೇಡದ ನಗು. ಇವರನ್ನು ಊರೂರಿಗೆ ಕಳಿಸುತ್ತಾನಂತೆ, ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್, ಸೇಂಟ್ ಲೂಯಿಸ್, ಆಮೇಲೆ ಪಶ್ಚಿಮದ ಕಡೆಗೆ, ಕ್ರಿಸ್‌ಮಸ್‌ವರೆಗೂ. ಕೆಲವು ಊರುಗಳಲ್ಲಿ ವೆಂಡೆಲ್‌ಗೆ ಹೋಟೆಲಿನಲ್ಲಿ ಜಾಗ ಕೊಡುವುದಿಲ್ಲ, ಅವನನ್ನು ಬಿಟ್ಟು ಬನ್ನಿ ಅಂದ. ಕ್ಲಾಡೆಟ್ ತಲೆಯೆತ್ತದೆ, "ಹಂಗಾದ್ರೆ ಆ ಊರುಗಳ್ನೇ ಬಿಡಿ" ಅಂದಳು. ಅವನು ಕೆಮ್ಮಿ, ಆಗಲಿ ಅಂದ. ಆಮೇಲೆ ಸ್ಪೀಕರಿನ ಕಡೆ ಬೂಟಿನ ತುದಿ ತೋರಿಸಿ, "ಈ ಹರಕಲು ಎಸೆದುಬಿಡಿ, ಹೊಸದು ಕೊಡಿಸ್ತೀನಿ" ಅಂದ. ರೋಮೆಕ್ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಅದು ನಮ್ಮಪ್ಪ ಶ್ರುತಿ ಮಾಡ್ಕೊಟ್ಟಿದ್ದು ಸಾರ್, ಮುಟ್ಬೇಡಿ" ಅಂದ. ನಗುತ್ತಲೇ ಅಂದ, ಆದರೆ ಆ ಮನುಷ್ಯ ಬಾಗಿಲು ದಾಟುವವರೆಗೂ ಕೈ ತೆಗೆಯಲಿಲ್ಲ.

ಇದಿಷ್ಟು ಸುದ್ದಿ. ಮಂಗಳವಾರ ಬೆಳಿಗ್ಗೆ ಹೊರಡುತ್ತಾರೆ. ಟಾರ್ವರ್ ರಜೆ ಹಾಕಿ ವ್ಯಾನು ಓಡಿಸಲು ಹೋಗುತ್ತಿದ್ದಾರೆ, ಆದ್ದರಿಂದ ನನಗೆ ಧೈರ್ಯ. ನಾನು ಪಿಯೆರೋಗಿ ಕಡುಬು ಮಾಡಿ ಡಬ್ಬಿ ತುಂಬುತ್ತಿದ್ದೇನೆ, ಅಂಟಿನ ಗಂಜಿಯ ಹಿಟ್ಟು ಬೇರೆ ಡಬ್ಬಿಯಲ್ಲಿ, ಎರಡನ್ನೂ ಅದಲುಬದಲು ಮಾಡಬೇಡಿ ಎಂದು ಕ್ಲಾಡೆಟ್‌ಗೆ ಹೇಳಿದ್ದೇನೆ. ನೀನು ಬೆನ್ನು ನೋಡಿಕೋ, ಹೊತ್ತಿಗೆ ಸರಿಯಾಗಿ ಮಲಗು. ಕ್ಯಾಪ್ಟನ್ನರಿಗೂ ಅವರ ಹೆಂಡತಿಗೂ ನನ್ನ ನೆನಪು ತಿಳಿಸು. ಮೇರಿ ತಾಯಿ ನಿನ್ನನ್ನು ನೀರಿನ ಮೇಲೂ ನೆಲದ ಮೇಲೂ ಕಾಪಾಡಲಿ.

ನಿನ್ನನ್ನು ಹೆತ್ತ, ನಿನ್ನಷ್ಟೇ ಹಟಮಾರಿಯಾದ
ಅಮ್ಮ ಬ್ರೋನಿಯಾ

ಮರೆಯುವ ಮುಂಚೆ: ಅಂಚೆಯವನು ಬೀದಿಯ ತಿರುವಿನಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಸೋಮವಾರ ಕಾರ್ಮಿಕರ ದಿನದ ಹಬ್ಬ, ಅದೇ ಪಾರ್ಕಿನಲ್ಲಿ ಇವರ ಕೊನೆಯ ಹಾಡು. ನಿಮ್ಮ ಹಡಗು ಸೋಮವಾರ ಮಧ್ಯಾಹ್ನ ನದಿಯಲ್ಲಿ ಕೆಳಕ್ಕೆ ಬರುತ್ತದೆಂದು ಬಂದರಿನ ಆಫೀಸಿನವರನ್ನು ಕೇಳಿ ತಿಳಿದುಕೊಂಡೆ. ಅಂದರೆ ನೀನು ಇದನ್ನು ಓದುತ್ತಿರುವುದು ಸೋಮವಾರವೇ, ಡೆಟ್ರಾಯಿಟ್ ದಾಟುತ್ತಿರುವಾಗ. ಬಕೆಟ್ಟು ಮೇಲೆ ಬಂದಾಗಿನಿಂದ ನಮ್ಮ ಪಾರ್ಕಿನ ಎದುರಿಗೆ ಬರುವವರೆಗೆ ಒಂದು ಗಂಟೆಯೂ ಇಲ್ಲ, ಅದರಲ್ಲಿ ಅರ್ಧವನ್ನು ನನ್ನ ಈ ಉದ್ದದ ಕಾಗದವೇ ತಿಂದಿರುತ್ತದೆ. ಮಂಜು ಕವಿದು ತಡವಾದರೂ ಚಿಂತೆಯಿಲ್ಲ, ನೀನು ಬರುವವರೆಗೆ ನಾನು ಅವರನ್ನು ನಿಲ್ಲಿಸಲು ಬಿಡುವುದಿಲ್ಲ. ಅವನಿಗೆ ಏನೂ ಗೊತ್ತಿಲ್ಲ. ನಾನು ಇರೇನಾಳ ನೀಲಿ ಅಂಚಿನ ಮೇಜುಬಟ್ಟೆ ಹಿಡಿದು ದಡದಲ್ಲಿರುತ್ತೇನೆ. ಆ ಸೌಟು ಕೆಳಗಿಡು, ಮೇಲೆ ಹತ್ತಿ ಹೋಗಿ ಕ್ಯಾಪ್ಟನ್ನರನ್ನು ಕೇಳು, ಬೇಕಾದರೆ ಕೈಯಲ್ಲಿ ಒಂದು ಪೈ ಹಿಡಿದುಕೊಂಡೇ ಹೋಗು. ಮೂರು ಉದ್ದ, ಎರಡು ಗಿಡ್ಡ. ಮೊದಲ ಸಲ ಯಾರೂ ಕೇಳಿಸಿಕೊಳ್ಳುವುದಿಲ್ಲವಂತೆ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ: ಮೂರು ಉದ್ದ, ಎರಡು ಗಿಡ್ಡ. ಮೂರನೆಯ ಸಾಲು ನಿನ್ನದು.